ಕಲ್ಲೇಶಪ್ಪ ಬಿದ್ದ ಬಗೆ

ತಾನು ಬಿದ್ದದ್ದು ಹೇಗೆಂದು ಕಡೂರು, ಬೀರೂರು, ತರೀಕೆರೆಗಳ ಸಮಸ್ತ ಜನರಿಗೆ, ಅವರ ನೆಂಟರಿಷ್ಟರಿಗೆ, ತೊಟ್ಟಿಲ ಕೂಸುಗಳಿಗೆ, ರೈಲ್ವೆ ಗೇಟಿನ ಹತ್ತಿರ ಮೇಯುವ ಎಮ್ಮೆಗಳಿಗೆ ಕೂಡ ಗೊತ್ತಿದೆ. ಗೊತ್ತಿಲ್ಲದವನು ಈ ಭೂಮಂಡಲದಲ್ಲಿ ತಾನೊಬ್ಬನೇ ಎಂದುಕೊಳ್ಳುತ್ತ ಕಲ್ಲೇಶಪ್ಪ ಆ ಶನಿವಾರ ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಕೂತು ಎಡಗಡೆಯ ಹಲ್ಲುಗಳನ್ನು ಮಾತ್ರ ಉಜ್ಜಿದ. ಬಲದವಡೆ ಇನ್ನೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಇಪ್ಪತ್ತು ದಿನದ ಹಿಂದೆ ಕಡೂರಿನ ಮೈದಾನದಲ್ಲಿ ಅವನು ತೊಡೆ ತಟ್ಟಿ ಅಖಾಡಕ್ಕೆ ಇಳಿದದ್ದು ನೆನಪಿತ್ತು. ತಮಟೆಯ ಸದ್ದು ನೆನಪಿತ್ತು, ಆಕಾಶದಲ್ಲಿ ಒಂದು ಹದ್ದು ಕೆಲಸವಿಲ್ಲದೆ ಸುತ್ತುತ್ತಿದ್ದದ್ದು ನೆನಪಿತ್ತು. ಅದರ ಮರುಗಳಿಗೆಗೆ ಆಸ್ಪತ್ರೆಯ ಸೂರು, ಸ್ಪಿರಿಟ್ಟಿನ ವಾಸನೆ, ಹಳೆಯ ಪೇಪರಿನಿಂದ ಗಾಳಿ ಹಾಕುತ್ತ ಆಕಳಿಸುತ್ತಿದ್ದ ಕಾಂಪೌಂಡರ್. ನಡುವಿನ ಹಾಳೆಯನ್ನು ಯಾರೋ ಹರಿದುಕೊಂಡು ಹೋಗಿದ್ದರು. ಪಂಕಜಾಕ್ಷಿ ಬಿಸಿನೀರಿನ ತಂಬಿಗೆ ಇಡಲು ಬಗ್ಗಿದಳು. ಬಳೆಯ ಕೈ ಮುಖದ ಹತ್ತಿರ ಬಂದದ್ದೇ ತಡ, ಮೂರು ಪಲ್ಲ ರಾಗಿಯನ್ನು ಒಂದೇ ಹೆಗಲಿನಲ್ಲಿ ಹೊತ್ತು ಮೆಟ್ಟಿಲು ಹತ್ತುವ ಆ ದೇಹ ಕಣ್ಣು ಮುಚ್ಚಿ ಗೋಡೆಗೆ ಆತುಕೊಂಡಿತು.

“ತಂಬಿಗೆ ಕಣ್ರೀ,” ಎಂದಳು ಪಂಕಜಾಕ್ಷಿ. “ಕಚ್ಚಲ್ಲ.”

ಅವನು ಕಣ್ಣಿಗೆ ಸೋಪು ಹೋಯಿತೆಂದ. ಸೋಪು ಇನ್ನೂ ಗೂಡಿನಲ್ಲಿತ್ತು. ಹೆಂಡತಿ ಅದನ್ನು ನೋಡಿದಳು, ಅವನನ್ನು ನೋಡಿದಳು, ಏನೂ ಹೇಳದೆ ಹೋದಳು. ಈ ಏನೂ ಹೇಳದಿರುವ ಕಲೆಯನ್ನು ಅವಳು ಇಪ್ಪತ್ತು ದಿನದಲ್ಲಿ ಎಷ್ಟು ಬೆಳೆಸಿದ್ದಳೆಂದರೆ ಅದಕ್ಕೊಂದು ಬೆಳ್ಳಿ ಗದೆ ಕೊಡಬಹುದಿತ್ತು. ಬಿದ್ದ ಮೇಲೆ ಅವನ ಗೊರಕೆ ನಿಂತುಹೋಗಿತ್ತು. ಮೊದಲು ಅವನ ಗೊರಕೆಗೆ ಶಿವನಿಯವರೆಗೆ ನಾಯಿಗಳು ಏಳುತ್ತಿದ್ದವು. ಅವನು ತೊಡೆ ತಟ್ಟಿದರೆ ಬೀರೂರು ಸ್ಟೇಷನ್ನಿನಲ್ಲಿ ಗಾರ್ಡು ಗಾಬರಿಯಾಗಿ ಹಸಿರು ಬಾವುಟ ಎತ್ತುತ್ತಿದ್ದ. ಎದುರಾಳಿಯ ಎದೆಗೆ ಎದೆ ಕೊಟ್ಟು, ಅವನ ಹೆಗಲ ಗುಂಡಿಯಲ್ಲಿ ಗದ್ದ ಊರಿ, ಬೆನ್ನ ಹಿಂದೆ ಎರಡೂ ಕೈ ಹೆಣೆದು ಅಪ್ಪಿ ಎತ್ತಿದನೆಂದರೆ, ಎತ್ತಿಸಿಕೊಂಡವನು ಕೆಳಗೆ ಬರುವಷ್ಟರಲ್ಲಿ ಒಂದು ಬೀಡಿ ಸೇದಿ ಮುಗಿಸಬಹುದಿತ್ತು. ಎಪ್ಪತ್ತರಿಂದ ಎಪ್ಪತ್ತೊಂಬತ್ತರವರೆಗೆ ಒಂಬತ್ತು ವರ್ಷ ಈ ಅಪ್ಪುಗೆಯಿಂದ ತಪ್ಪಿಸಿಕೊಂಡವನು ಹುಟ್ಟಿರಲಿಲ್ಲ. ಅಂಥವನನ್ನು ಬೀಳಿಸಿದವನು ಯಾರೆಂದರೆ ತರೀಕೆರೆಯ ಕಾಯಿ ಮಂಡಿಯಲ್ಲಿ ಮೂಟೆ ಹೊರುವ ಓಬಳಪ್ಪ, ಮೈಯಲ್ಲಿ ಮೂಳೆ ಎಣಿಸಬಹುದಾದ ಓಬಳಪ್ಪ. ದಾವಣಗೆರೆಯ ಪೈಲ್ವಾನ ಕೈಕೊಟ್ಟನೆಂದು ಕಡೂರಿನವರು ಜೋಡಿ ಕಟ್ಟಲು ಓಬಳಪ್ಪನ ಕೈ ಹಿಡಿದು ಕರೆತಂದಾಗ, ಇವನನ್ನು ಎತ್ತಬೇಕೋ ಊದಬೇಕೋ ಎಂದು ಕಲ್ಲೇಶಪ್ಪ ಎಲ್ಲರಿಗೂ ಕೇಳುವಂತೆ ಕೇಳಿದ್ದ. ಮೈದಾನವೆಲ್ಲ ನಕ್ಕಿತ್ತು. ಆ ನಗುವೂ ನೆನಪಿತ್ತು. ನೆನಪಿರಬಾರದ್ದೆಲ್ಲ ನೆನಪಿತ್ತು.

ಸೋತದ್ದು ದೊಡ್ಡ ಮಾತಲ್ಲ. ಅವನ ಊರಾದ ಅಜ್ಜಂಪುರದ ಗರಡಿಯಲ್ಲಿ ಸೋಲಿಗೂ ಒಂದು ಕಟ್ಟಳೆ ಇತ್ತು. ಹೊರಗೆ ಸೋತು ಬಂದವನು ಮೂರು ಶನಿವಾರದೊಳಗೆ ತನ್ನ ಸೋಲನ್ನು ಗರಡಿಯಲ್ಲಿ ಒಪ್ಪಿಸಬೇಕು, ಮಕ್ಕಳು ಮೇಷ್ಟರಿಗೆ ಮಗ್ಗಿ ಒಪ್ಪಿಸಿದ ಹಾಗೆ. ಗರಡಿಯವನೊಬ್ಬ ಗೆದ್ದವನ ವೇಷ ಕಟ್ಟುತ್ತಾನೆ. ಸೋತವನು ಅವನ ಜೊತೆ ನಿಂತು, ಹೇಗೆ ಹಿಡಿದೆ, ಅವನು ಹೇಗೆ ಬಿಡಿಸಿದ, ಎಲ್ಲಿ ತಪ್ಪಿದೆ, ಹೇಗೆ ಬಿದ್ದೆ ಎಂದು ಮೂರು ಸಲ ಬಿದ್ದು ತೋರಿಸುತ್ತಾನೆ. ಆಮೇಲೆ ಉಸ್ತಾದ್ ದೇವೀರಪ್ಪನವರು ಅವನ ಹಣೆಗೆ ಮಣ್ಣು ಹಚ್ಚಿದರೆ ಅವನು ಮತ್ತೆ ಪೈಲ್ವಾನ. ಒಬ್ಬನ ಸೋಲು ಇಪ್ಪತ್ತೆರಡು ಜನರ ವಿದ್ಯೆ ಎಂಬುದು ಉಸ್ತಾದರ ಮಾತು. ಒಪ್ಪಿಸುವವರೆಗೆ ಸೋತವನು ಕುಸ್ತಿಯಾಡುವ ಮಟ್ಟಿಯ ಮಣ್ಣು ತುಳಿಯುವಂತಿಲ್ಲ, ಹೊಸಿಲ ಮೇಲೆ ಕೂರಬೇಕು. ಮೂರನೆಯ ಶನಿವಾರ ದಾಟಿದರೆ ಗೋಡೆಯ ಗೂಟದಿಂದ ಅವನ ಲಂಗೋಟಿ ಇಳಿಸಿ ಆ ಗೂಟವನ್ನು ಮುಂದಿನವನಿಗೆ ಕೊಡುತ್ತಾರೆ. ಇದು ಮೂರನೆಯ ಶನಿವಾರ. ಮುಂದಿನವನು ಬೆನಕಪ್ಪ, ಆ ಗೂಟಕ್ಕೆ ಅವನು ಈಗಾಗಲೇ ಒಂದು ಸಲ ಅರಿಶಿನ ಕುಂಕುಮ ಹಚ್ಚಿದ್ದನೆಂದು ಸುದ್ದಿ ಇತ್ತು. ಸುಳ್ಳು ಹೇಳೋಣವೆಂದರೆ ಮೈ ಸುಳ್ಳು ಹೇಳುವುದಿಲ್ಲ. ಕಲ್ಲೇಶಪ್ಪ ತನ್ನ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಒಂದು ರಾಗಿ ಮೂಟೆಯನ್ನು ಓಬಳಪ್ಪನೆಂದು ನಿಲ್ಲಿಸಿ ಹತ್ತು ಬಗೆಯಲ್ಲಿ ಬಿದ್ದು ನೋಡಿದ್ದ. ಒಂದೂ ಬಿದ್ದ ಹಾಗೆ ಇರಲಿಲ್ಲ, ಎಲ್ಲವೂ ಮಲಗಿದ ಹಾಗಿತ್ತು. ಕೊನೆಗೆ ಮೂಟೆ ಅವನ ಮೇಲೆ ಉರುಳಿ ಅದೂ ಗೆದ್ದಿತು. ನೋಡಿದವರನ್ನು ಕೇಳೋಣವೆಂದರೆ, ಇಬ್ಬರ ತಲೆಯೂ ಒಂದಾದ ಮೇಲೆ ಒಳಗೆ ಏನಾಯಿತೆಂದು ಯಾರಿಗೂ ಕಂಡಿರಲಿಲ್ಲ, ಆದರೆ ಎಲ್ಲರೂ ನೋಡಿದ್ದರು. ಒಬ್ಬ ಕಾಲು ಕತ್ತರಿ ಎಂದ, ಒಬ್ಬ ಮಾಟ ಎಂದ. ಉಸ್ತಾದರ ಕಣ್ಣಿಗೆ ಪೊರೆ ಬಂದು ಐದು ಮಾರಿನಾಚೆ ಎಲ್ಲವೂ ಕೆಮ್ಮಣ್ಣುಗುಂಡಿಯ ಮಂಜಿನ ಬೆಳಗು. ಹೀಗಾಗಿ ಏಟು ಎಲ್ಲಿಂದ ಬಂತೆಂದು ತಿಳಿಯದೆ ಅದು ಎಲ್ಲ ಕಡೆಯಿಂದಲೂ ಬರತೊಡಗಿತ್ತು: ತಂಬಿಗೆಯಿಂದ, ಬಾಗಿಲ ಚಿಲಕದಿಂದ, ಗಿರಣಿಯ ಬೆಲ್ಟಿನಿಂದ.

ಗಿರಣಿ ಶುರುಮಾಡಿ ಬೆಲ್ಟು ಪಟಪಟ ಹೊಡೆದುಕೊಂಡಾಗ ಅವನು ಅದಕ್ಕೂ ಒಂದು ಹೆಜ್ಜೆ ಹಿಂದೆ ಸರಿದ. ನೋಡಿದವಳು ಹಾಲಮ್ಮ. ಊರಾಚೆಯ ಕೇರಿಯವಳು, ಡಬ್ಬದ ತುಂಬ ರಾಗಿ ತಂದಿದ್ದಳು. ಅಪ್ಪನ ಕಾಲದಲ್ಲಿ ಕೇರಿಯವರ ಕಾಳು ಕೊನೆಯ ಸರದಿಗೆ, ಸಂಜೆ ಕಲ್ಲು ಬಿಚ್ಚಿ ತೊಳೆಯುವುದಕ್ಕೆ ಮುಂಚೆ. ಆ ಪದ್ಧತಿಯನ್ನು ಎತ್ತಿ ಒಗೆದವನು ಕಲ್ಲೇಶಪ್ಪ. ಬಂದವರು ಬಂದ ಸರದಿಗೆ. ಇದನ್ನು ಅವನು ತನ್ನ ಮನಸ್ಸಿನ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿಕೊಂಡಿದ್ದ, ಹೋಗಿ ಬರುವಾಗ ನೋಡುತ್ತಿದ್ದ. ಈಗಲೂ ಹಾಲಮ್ಮನ ಡಬ್ಬವನ್ನು ತಾನೇ ಎತ್ತಿ ಸುರಿದ. ಸುರಿಯುವಾಗ ಧೂಳೇಳುತ್ತದೆ, ಯಾರಾದರೂ ಮುಖ ಆಚೆ ಮಾಡುತ್ತಾರೆ.

“ಹೆಂಗೈತಪ್ಪಾ ದವಡೆ?” ಎಂದಳು ಹಾಲಮ್ಮ.

“ದವಡೆಗೇನಾಗಿತ್ತು?”

“ಏನೂ ಆಗಿಲ್ದಿದ್ರೆ ಒಳ್ಳೇದೇ ಬಿಡು. ಅವ್ನು ನನ್ ತಂಗಿ ಮಗ ಕಣಪ್ಪಾ, ಓಬಳ. ಏನ್ಲಾ ಮಾಡ್ದೆ ನಮ್ ಗಿರಣಿ ಯಜಮಾನ್ರಿಗೆ ಅಂತ ಕೇಳ್ದೆ. ಬಾಯಿ ಬಿಡ್ಲಿಲ್ಲ. ನಗ್ತಾನೆ. ಹೋದ ವಾರವೂ ನಗ್ತಿದ್ದ.”

ಕಲ್ಲೇಶಪ್ಪ ಖಾಲಿ ಡಬ್ಬವನ್ನು ಕೆಳಗಿಟ್ಟ. ತನ್ನ ಹರಿದ ಹಾಳೆ ತರೀಕೆರೆಯಲ್ಲಿ ಒಬ್ಬನ ಜೇಬಿನಲ್ಲಿದೆ, ಅವನು ಅದನ್ನು ಆಗಾಗ ತೆಗೆದು ಓದಿ ನಗುತ್ತಿದ್ದಾನೆ. ಹಾಲಮ್ಮನ ಹಿಟ್ಟು ಮುಗಿಯುತ್ತಲೇ ಗಿರಣಿ ನಿಲ್ಲಿಸಿದ. ಹೊರಗೆ ಕೂತಿದ್ದ ಒಂಬತ್ತು ಹೆಂಗಸರು ಒಂಬತ್ತು ಬಗೆಯ ಶಾಪ ಹಾಕಿದರು. ಮೈಮೇಲಿನ ಹಿಟ್ಟು ಕೂಡ ಕೊಡವದೆ ಬಸ್ ಹತ್ತಿದ.

ಬಸ್ಸಿನಲ್ಲಿ ಕಂಡಕ್ಟರ್ ಲಕ್ಕಣ್ಣ ಟಿಕೆಟ್ಟಿಗೆ ಕೈ ಚಾಚಿದ. ಕಲ್ಲೇಶಪ್ಪನ ಕತ್ತು ಕಿಟಕಿಯ ಕಡೆ ಹಾರಿತು, ಹಣೆ ಸರಳಿಗೆ ಬಡಿಯಿತು. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿ ಮುಂದಕ್ಕೆ ತಿರುಗಿಕೊಂಡರು, ಬೆನ್ನಿನಲ್ಲೇ ನಕ್ಕರು. “ನಾನೇನು ಓಬಳಪ್ಪ ಅಲ್ಲ ಕಣೋ ಕಲ್ಲಣ್ಣ, ತರೀಕೆರೆ ಅಂದ್ರೆ ಟಿಕೆಟ್ ಕೊಡ್ತೀನಿ ಅಷ್ಟೆ,” ಎಂದ ಲಕ್ಕಣ್ಣ. ಆಮೇಲೆ ಪಕ್ಕದಲ್ಲಿ ಕೂತು, ತಾನು ಆವತ್ತು ರಜೆ ಹಾಕಿ ಕಡೂರಿಗೆ ಹೋಗಿದ್ದಾಗಿಯೂ, ಓಬಳಪ್ಪ ಇವನನ್ನು ತಲೆಯ ಮೇಲೆ ಎತ್ತಿ ಮೂರು ಸುತ್ತು ತಿರುಗಿಸಿದ್ದನ್ನು ಈ ಎರಡು ಕಣ್ಣಿನಿಂದ ನೋಡಿದ್ದಾಗಿಯೂ, ಎರಡನೆಯ ಸುತ್ತಿನಲ್ಲಿ ಇವನು ಅವ್ವಾ ಎಂದದ್ದನ್ನು ಈ ಎರಡು ಕಿವಿಯಿಂದ ಕೇಳಿದ್ದಾಗಿಯೂ ಹೇಳಿದ. ಅವನು ಆವತ್ತು ಇದೇ ಬಸ್ಸಿನಲ್ಲಿ ಡ್ಯೂಟಿಯಲ್ಲಿದ್ದನೆಂದು ಕಲ್ಲೇಶಪ್ಪನಿಗೆ ಗೊತ್ತಿತ್ತು. ಆದರೂ ಅಂದಿದ್ದೆನೇ ಎಂದು ಒಳಗೇ ಹುಡುಕಿದ. ಅವ್ವ ಸತ್ತು ಹನ್ನೊಂದು ವರ್ಷ. ಪ್ರಜ್ಞೆ ಇಲ್ಲದವನು ಯಾರನ್ನು ಕೂಗುತ್ತಾನೋ ಯಾರು ಬಲ್ಲರು. ಆ ಮೈ ಆ ಹೊತ್ತು ಮೈದಾನದಲ್ಲಿ ಸಾವಿರ ಜನರ ಎದುರು ಬಿದ್ದಿತ್ತು, ಅಂಗಾತ, ಬಾಯಿ ತೆರೆದುಕೊಂಡು, ಯಜಮಾನನಿಲ್ಲದ ಮನೆಯಂತೆ. ಯಾರು ಯಾರು ಒಳಹೊಕ್ಕು ಏನೇನು ನೋಡಿ ಹೋದರೋ.

ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಅಡಿಕೆ ಸುಲಿಯಲು ಹೊರಟ ಹೆಂಗಸರು, ಕಡ್ಲೆಕಾಯಿ ಬುಟ್ಟಿಯವರು, ಭದ್ರಾವತಿ ಭದ್ರಾವತಿ ಎಂದು ಗಂಟಲು ಹರಿದುಕೊಳ್ಳುವವರು, ಎಲ್ಲರೂ ತನ್ನನ್ನೇ ನೋಡುತ್ತಿರುವಂತೆ ಅವನಿಗೆ ಕಂಡಿತು. ನಿಜವಾಗಿ ನೋಡುತ್ತಿದ್ದರು ಕೂಡ; ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿದ ಅಂಥ ದೊಡ್ಡ ಗಂಡಸು ಊರಲ್ಲಿ ಇಳಿದು ಬಹಳ ದಿನವಾಗಿತ್ತು. ಕಾಯಿ ಮಂಡಿಯ ಅಂಗಳದಲ್ಲಿ ಲಾರಿಗೆ ಮೂಟೆ ಹೇರುತ್ತಿದ್ದ ಓಬಳಪ್ಪ ಬೆನ್ನ ಮೇಲಿನ ಮೂಟೆಯನ್ನು ಇಳಿಸದೆಯೇ ಅವನನ್ನು ನೋಡಿದ.

“ಓಹೋ, ಪೈಲ್ವಾನ್ರು. ಪೌಡ್ರು ಹಾಕ್ಕೊಂಡು ಬಂದಿದೀರಿ. ಹೆಣ್ಣು ನೋಡಾಕಾ?”

ಕಲ್ಲೇಶಪ್ಪ ನಗಲು ನೋಡಿದ, ದವಡೆ ಬಿಡಲಿಲ್ಲ. ಒಂದು ಮಾತು ಕೇಳಬೇಕಿತ್ತು ಎಂದ. ಓಬಳಪ್ಪ ಮೂಟೆ ಇಳಿಸಿ, ಟವೆಲ್ಲಿನಿಂದ ಕತ್ತು ಒರೆಸಿಕೊಂಡು, ಎದುರಿನ ಗೂಡಂಗಡಿಗೆ ಎರಡು ಟೀ ಹೇಳಿದ. ಟೀ ಬಂತು. ಕಲ್ಲೇಶಪ್ಪ ಲೋಟ ತೆಗೆದುಕೊಂಡು ಕುಡಿದ. ಇದೊಂದು ಸಾಧಾರಣ ಲೋಟ, ಬೆಳಗಿನಿಂದ ನೂರು ಜನ ಕುಡಿದಿದ್ದು. ಆದರೂ ಒಳಗೆ ಯಾರೋ, ನೋಡಿದೆಯಾ ಹೇಗೆ ಕುಡಿದೆ, ಒಂದು ಸಲವೂ ಹಿಂದೆ ಮುಂದೆ ನೋಡಲಿಲ್ಲ ಎಂದು ಬೆನ್ನು ತಟ್ಟಿದರು. ಆ ಬೆನ್ನು ತಟ್ಟುವಿಕೆ ಅವನಿಗೆ ಹಿತವಾಯಿತು, ಹಿತವಾದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನೊಂದು ಸಲ ಬೆನ್ನು ತಟ್ಟಿದರು. ಲೋಟದ ತಳದವರೆಗೂ ಹೀಗೇ ನಡೆಯಿತು.

“ನಾನು ಹೆಂಗೆ ಬಿದ್ದೆ?” ಎಂದ ಕೊನೆಗೆ.

ಓಬಳಪ್ಪ ಅವನನ್ನೇ ನೋಡಿದ. “ಗೊತ್ತಿಲ್ವಾ ನಿಮ್ಗೆ?”

“ಗೊತ್ತಿದ್ರೆ ಬಸ್ ಚಾರ್ಜು ಕೊಟ್ಟು ಯಾಕೆ ಬತ್ತಿದ್ದೆ. ಇವತ್ತು ಗರಡೀಲಿ ಒಪ್ಪಿಸ್ಬೇಕು.”

ಓಬಳಪ್ಪ ನಗಲಿಲ್ಲ. ಲೋಟ ಕೆಳಗಿಟ್ಟು, ಲಾರಿಯ ಹಿಂದೆ, ಕಾಯಿ ಸಿಪ್ಪೆ ಹರಡಿದ ಮೆತ್ತನೆಯ ಜಾಗಕ್ಕೆ ಅವನನ್ನು ಕರೆದುಕೊಂಡು ಹೋದ. “ಹೇಳಿದ್ರೆ ನಂಬಲ್ಲ ನೀವು. ಹಿಡೀರಿ ನನ್ನ. ಆವತ್ತು ಹಿಡಿದ ಹಾಗೇ ಹಿಡೀರಿ.” ಮಂಡಿ ಮಡಿಸಿ ತಗ್ಗಿ ನಿಂತ. ಕಲ್ಲೇಶಪ್ಪ ಹಿಡಿದ. ಎದೆಗೆ ಎದೆ ಬಂತು, ಎರಡು ಕೈಯೂ ಬೆನ್ನ ಹಿಂದೆ ಹೆಣೆದುಕೊಂಡವು, ಇನ್ನು ಹೆಗಲ ಗುಂಡಿಯಲ್ಲಿ ಗದ್ದ ಊರುವುದೊಂದೇ ಬಾಕಿ, ಒಂಬತ್ತು ವರ್ಷದಲ್ಲಿ ಸಾವಿರ ಸಲ ಊರಿದ ಗದ್ದ. ಆಗ ಓಬಳಪ್ಪ ಮೆಲ್ಲಗೆ, ಕಿವಿಯಲ್ಲಿ ಹೇಳುವವನಂತೆ ಹೇಳಿದ: “ಈಗ ನಿಮ್ ಮುಖ ಎಲ್ಲೈತೆ ನೋಡ್ಕೊಳ್ರಿ.”

ಅವನ ಮುಖ ಎಡಕ್ಕೆ ತಿರುಗಿತ್ತು. ಲಾರಿಯ ಹಿಂದಿನ ಚಕ್ರವನ್ನು ನೋಡುತ್ತಿತ್ತು. ಮೂಗು ಓಬಳಪ್ಪನ ಕತ್ತಿನಿಂದ ಒಂದು ಗೇಣು ದೂರ, ಉಸಿರು ಬಿಗಿಹಿಡಿದಿತ್ತು, ಬಲದವಡೆ ಅಂಗಡಿ ಬಾಗಿಲಿನಂತೆ ತೆರೆದುಕೊಂಡಿತ್ತು. ಅದರ ಕೆಳಗೆ ಓಬಳಪ್ಪನ ನಡುನೆತ್ತಿ.

“ನಾನೇನೂ ಮಾಡ್ಲಿಲ್ಲ ಕಣ್ರೀ,” ಎಂದ ಓಬಳಪ್ಪ, ನೆತ್ತಿಯನ್ನು ಮೆತ್ತಗೆ ಆ ದವಡೆಗೆ ತಾಗಿಸಿ. “ಎದ್ದು ನಿಂತ್ಕೊಂಡೆ, ಅಷ್ಟೆ.”

ಕಲ್ಲೇಶಪ್ಪ ಕೈ ಬಿಟ್ಟ. ಇನ್ನೊಂದು ಸಲ ಎಂದ. ಈ ಸಲ ಗೊತ್ತಿದ್ದು ಹಿಡಿದ, ಕಣ್ಣು ಬಿಟ್ಟುಕೊಂಡು, ಕತ್ತಿಗೆ ಆಜ್ಞೆ ಮಾಡಿ ಹಿಡಿದ. ಕತ್ತು ತಿರುಗಿತು. ಮೂರನೆಯ ಸಲ ಹಲ್ಲು ಕಚ್ಚಿ, ಬೆವರಿ, ಲಾರಿ ಎತ್ತುವವನಂತೆ ಏದುಸಿರು ಬಿಟ್ಟು ಹಿಡಿದ. ಗೇಣಿದ್ದದ್ದು ಎರಡು ಬೆರಳಾಯಿತು, ಅಲ್ಲಿಗೆ ನಿಂತಿತು. ಆ ಎರಡು ಬೆರಳಿನಷ್ಟು ಜಾಗದಲ್ಲಿ ಅಜ್ಜ ಇದ್ದ, ಅಪ್ಪ ಇದ್ದ, ಸಂಜೆ ಕಲ್ಲು ತೊಳೆಯುವ ಕೊಡದ ನೀರಿತ್ತು, ಒಂದು ಪೂರ್ತಿ ಊರು ಒತ್ತೊತ್ತಾಗಿ ಕೂತಿತ್ತು. ಈ ಮೈಯಲ್ಲಿ ತಾನು ಕಟ್ಟಿದ ತೋಳುಗಳಿದ್ದವು, ತಾನು ಬೆಳೆಸಿದ ತೊಡೆಗಳಿದ್ದವು. ದಿನಕ್ಕೆ ಐನೂರು ದಂಡ, ಸಾವಿರ ಬಸ್ಕಿ, ಹನ್ನೆರಡು ಮೊಟ್ಟೆ, ಅದೂ ಮನೆಯವರಿಗೆ ಗೊತ್ತಾಗದ ಹಾಗೆ. ಕತ್ತು ಮಾತ್ರ ಯಾರದೋ ಆಗಿತ್ತು. ಕತ್ತಿಗೆ ಸಾಮು ಮಾಡಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

“ಬೇಜಾರ್ ಮಾಡ್ಕೋಬೇಡಿ,” ಎಂದ ಓಬಳಪ್ಪ, ಬೀಡಿ ಹಚ್ಚುತ್ತ. “ನೀವೊಬ್ರೇ ಅಲ್ಲ. ಮೊದಲ್ನೇ ಸಲ ಒಬ್ರು ಹಿಂಗೆ ತಿರುಗಿಸ್ದಾಗ ನನ್ ಬಾಯಿ ನಾರ್ತೈತೆ ಅನ್ಕಂಡೆ. ಒಂದು ತಿಂಗ್ಳು ಹೊತ್ತಿಗೆರಡು ಬೇವಿನ್ ಕಡ್ಡಿ ಅಗಿದೆ. ಆಮೇಲೆ ಲೆಕ್ಕ ಹಾಕ್ದೆ. ಇಲ್ಲೀಗಂಟ ಆರು ಜನ ಮುಖ ತಿರುಗಿಸವ್ರೆ, ಆರೂ ಜನ ಮಲಗವ್ರೆ. ನಮ್ ಕೇರಿ ಗರಡೀಲಿ ನಾನು ಯಾರನ್ನೂ ಗೆದ್ದಿಲ್ಲ ಕಣ್ರೀ, ಹುಡುಗ್ರೆಲ್ಲ ನನ್ನ ಎತ್ತಿ ಎತ್ತಿ ಒಗೀತಾರೆ. ಅವ್ರು ಗದ್ದ ತಂದು ಊರಿಬಿಡ್ತಾರಲ್ಲ. ನನ್ ಪೈಲ್ವಾನಿಕೆ ನಡೀತಿರೋದೇ ನಿಮ್ಮಂಥೋರಿಂದ.”

ಕಲ್ಲೇಶಪ್ಪ ಕಾಲಿಗೆ ಅಂಟಿದ ಕಾಯಿ ಸಿಪ್ಪೆ ಕೊಡವಿಕೊಂಡ. ಕ್ಷಮೆ ಕೇಳಬೇಕೆನಿಸಿತು. ಆದರೆ ಗೆದ್ದವನನ್ನು ಸೋತವನು ಯಾವುದಕ್ಕೆಂದು ಕ್ಷಮೆ ಕೇಳುವುದು. ಆ ಮಾತು ಗಂಟಲಲ್ಲಿ ಎದ್ದು, ದವಡೆಯವರೆಗೆ ಬಂದು, ನೋವಾಗಿ ವಾಪಸು ಹೋಯಿತು.

“ಒಂದು ಉಪಕಾರ ಮಾಡಿ,” ಎಂದ ಓಬಳಪ್ಪ, ಅವನನ್ನು ಬಸ್ಸಿನವರೆಗೆ ಬಿಡಲು ಬಂದು. “ಇದನ್ನ ನಿಮ್ ಗರಡೀಲಿ ಹೇಳ್ಬೇಡಿ. ಎಲ್ಲಾರೂ ಮುಖ ನೆಟ್ಟಗೆ ಇಟ್ಕೊಳೋಕೆ ಶುರು ಮಾಡಿದ್ರೆ ನಾನು ಬರೀ ಮೂಟೆ ಹೊರೋನಾಗಿಬಿಡ್ತೀನಿ. ಕಾಲು ಜಾರ್ತು ಅಂದ್ಬಿಡಿ. ನಿಮ್ ಮರ್ಯಾದೇನೂ ಉಳೀತದೆ, ನನ್ ಪಟ್ಟೂ ಉಳೀತದೆ.”

ವಾಪಸು ಬರುವ ಬಸ್ಸಿನಲ್ಲಿ ಕಲ್ಲೇಶಪ್ಪ ಆ ಮಾತನ್ನು ತಿರುವಿ ತಿರುವಿ ನೋಡಿದ. ಒಂದು ಸಣ್ಣ ಸುಳ್ಳು, ಅದರ ನೆರಳಲ್ಲಿ ಇಬ್ಬರು ಸುಖವಾಗಿ ಕೂರಬಹುದು; ಅಜ್ಜಂಪುರದಲ್ಲಿ ತನ್ನ ಗೂಟ, ತರೀಕೆರೆಯಲ್ಲಿ ಅವನ ಪಟ್ಟು. ಸತ್ಯ ಹೇಳಿದರೆ ಇಬ್ಬರದೂ ಹೋಗುತ್ತದೆ. ಇಷ್ಟು ಅನುಕೂಲವಾದ ಸುಳ್ಳನ್ನು ಅವನು ಜೀವನದಲ್ಲಿ ಕಂಡಿರಲಿಲ್ಲ, ಅದಕ್ಕೇ ಅನುಮಾನ ಬಂತು. ಇದನ್ನು ಹೇಳಿ ಹಣೆಗೆ ಮಣ್ಣು ಹಚ್ಚಿಸಿಕೊಂಡರೂ ಮುಂದಿನ ಸಲ ಯಾರನ್ನು ಅಪ್ಪಿದರೂ ಆ ಎರಡು ಬೆರಳು ಅಳೆಯುತ್ತಲೇ ಇರುತ್ತೇನೆ. ಕತ್ತಿನ ಕಾವಲು ಕಾಯುತ್ತ ಎಷ್ಟು ದಿನ ಕುಸ್ತಿ ಆಡುವುದು. ಲಿಂಗದಹಳ್ಳಿಯವನನ್ನೋ ಶಿವನಿಯವನನ್ನೋ ಅಪ್ಪುವಾಗ ಈ ಕತ್ತು ತೆಪ್ಪಗಿತ್ತಲ್ಲ, ಒಂಬತ್ತು ವರ್ಷ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲವಲ್ಲ. ಯಾಕೆಂದರೆ ಒಂಬತ್ತು ವರ್ಷದಲ್ಲಿ ಅವನು ಅಪ್ಪಿದವರೆಲ್ಲ ಅವನಂಥವರೇ; ಓಬಳಪ್ಪ ಕೇರಿಯವನೆಂಬುದು ಮಾತ್ರ ಕಡೂರಿನಲ್ಲಿ ಜೋಡಿ ಕಟ್ಟುವಾಗಲೇ ಕಿವಿಗೆ ಬಿದ್ದಿತ್ತು. ಅಷ್ಟು ಜನರನ್ನು ಎತ್ತಿ ಒಗೆದೆನೆಂದು ಹೊತ್ತು ತಿರುಗಿದ ಹೆಮ್ಮೆ, ಈಗ ನೋಡಿದರೆ, ಒಂದೇ ಓಣಿಯಲ್ಲಿ ಹಿಂದೆ ಮುಂದೆ ಓಡಾಡಿ ಕಾಶಿಗೆ ಹೋಗಿ ಬಂದೆನೆಂದು ಹೇಳಿಕೊಂಡ ಹಾಗಿತ್ತು. ಲಕ್ಕಣ್ಣ ಮತ್ತೆ ಬಂದು ಕೈ ಚಾಚಿದ. ಕತ್ತು ಹಾರಲಿಲ್ಲ. ಏಟು ಎಲ್ಲಿಂದ ಬಂತೆಂದು ತಿಳಿದ ಮೇಲೆ ಅದು ಬೇರೆ ಕಡೆಯಿಂದ ಬರುವುದನ್ನು ನಿಲ್ಲಿಸಿತ್ತು.

ಗರಡಿಯಲ್ಲಿ ಹನುಮಂತನಿಗೆ ಎಣ್ಣೆದೀಪ ಹಚ್ಚಿ ಎಲ್ಲರೂ ಗೋಡೆಯುದ್ದಕ್ಕೆ ಕೂತಿದ್ದರು. ಉಸ್ತಾದ್ ದೇವೀರಪ್ಪನವರು ಹೊಸಿಲ ಕಡೆ ಕಣ್ಣು ಕಿರಿದು ಮಾಡಿ, ಆಕಾರದ ಮೇಲೆ ಗುರುತು ಹಿಡಿದರು. “ಬಾರೋ ಕಲ್ಲ. ಕಡೂರಿನೋರು ಮಣ್ಣಿಗೆ ಎಣ್ಣೆ ಜಾಸ್ತಿ ಹಾಕಿದ್ರಂತೆ, ಗೊತ್ತಾಯ್ತು. ಕಾಲು ಜಾರ್ತು ಅಂತ ಹೇಳು, ಒಂದ್ಸಲ ಜಾರಿ ತೋರಿಸು, ಸಾಕು. ಮಣ್ಣು ಹಚ್ಚಿಬಿಡ್ತೀನಿ.” ಬೆನಕಪ್ಪ ಗೂಟದ ಕಡೆ ನೋಡಿ ನಿಟ್ಟುಸಿರು ಬಿಟ್ಟ.

“ಜಾರ್ಲಿಲ್ಲ ಉಸ್ತಾದ್ರೇ,” ಎಂದ ಕಲ್ಲೇಶಪ್ಪ. “ಯಾರಾದ್ರೂ ಓಬಳಪ್ಪ ಆಗ್ಲಿ. ತೋರಿಸ್ತೀನಿ.”

ಯಾರೂ ಏಳಲಿಲ್ಲ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಹಿಂದೆಲ್ಲ ಗೆದ್ದವನ ವೇಷ ಕಟ್ಟಲು ನಾ ಮುಂದು ತಾ ಮುಂದು ಎಂದು ನುಗ್ಗುತ್ತಿದ್ದರು, ಗರಡಿಯವನನ್ನೇ ಮೂರು ಸಲ ಬೀಳಿಸುವ ಪುಣ್ಯ ದಿನಾ ಸಿಗುವುದಿಲ್ಲ. ಈಗ ಒಬ್ಬನಿಗೆ ಹೊಟ್ಟೆ ನುಲಿಯುತ್ತಿತ್ತು. ಒಬ್ಬ ತಾನು ಓಬಳಪ್ಪನಿಗಿಂತ ನಾಲ್ಕು ಬೆರಳು ಎತ್ತರ ಎಂದ. ಒಬ್ಬನ ಮನೆಯಲ್ಲಿ ನಾಳೆ ಪೂಜೆ ಇತ್ತು. ಇನ್ನೊಬ್ಬನಿಗೆ ಹೊಸದುರ್ಗದ ಕಡೆ ಹೆಣ್ಣು ಗೊತ್ತಾಗಿತ್ತು. ಬೀಗರ ಕಿವಿಗೆ ಬಿದ್ದರೆ ಚೆನ್ನಾಗಿರುವುದಿಲ್ಲ ಎಂದು ನೆಲ ನೋಡಿಕೊಂಡು ಹೇಳಿದ. ಮಟ್ಟಿಯೊಳಗೆ ಜಾತಿ ಇಲ್ಲ ಎಂದು ಗೋಡೆಗೆ ಕೆಮ್ಮಣ್ಣಿನಲ್ಲಿ ಬರೆಸಿದ್ದ ಉಸ್ತಾದರು ತಮ್ಮ ಪೊರೆಗಣ್ಣನ್ನು ಪಂಚೆಯ ಚುಂಗಿನಿಂದ ಬಹಳ ಹೊತ್ತು ಒರೆಸಿಕೊಂಡರು. ಆಟಕ್ಕಾದರೂ, ಮೂರು ನಿಮಿಷಕ್ಕಾದರೂ, ಇಪ್ಪತ್ತೆರಡು ಜನ ಪೈಲ್ವಾನರಲ್ಲಿ ಒಬ್ಬನಿಗೂ ಓಬಳಪ್ಪನಾಗುವ ಧೈರ್ಯ ಇರಲಿಲ್ಲ.

“ಸರಿ,” ಎಂದ ಕಲ್ಲೇಶಪ್ಪ. “ನಾನೇ ಓಬಳಪ್ಪ ಆಗ್ತೀನಿ. ಕಲ್ಲೇಶಪ್ಪ ಆಗೋರು ಯಾರು?”

ಇದಕ್ಕೆ ಹತ್ತು ಜನ ಎದ್ದರು. ಎಲ್ಲರಿಗಿಂತ ಮುಂದೆ ಬೆನಕಪ್ಪ. ಲಂಗೋಟಿ ಬಿಗಿದು ಮಟ್ಟಿಗೆ ಇಳಿದು, ಕಲ್ಲೇಶಪ್ಪನ ಹಾಗೇ ಹೆಗಲು ಆಡಿಸುತ್ತ, ಕಲ್ಲೇಶಪ್ಪನ ಹಾಗೇ ಒಂದು ಕಾಲು ಒಗೆದು ನಡೆಯುತ್ತ, ಅವನ ಹಾಗೇ ಮೂರು ಸಲ ತೊಡೆ ತಟ್ಟಿದ. ಗರಡಿ ನಕ್ಕಿತು. ಇಷ್ಟು ವರ್ಷ ತಾನು ಹೀಗೆ ಕಾಣುತ್ತಿದ್ದೆನೇ ಎಂದು ಕಲ್ಲೇಶಪ್ಪ ಆಶ್ಚರ್ಯದಿಂದ ನೋಡಿದ. ಸಂತೆಗೆ ಹೊಡೆದ ಹೋರಿಯೂ ಇಷ್ಟು ಬೀಗುವುದಿಲ್ಲ. ಕಲ್ಲೇಶಪ್ಪ ತಾನೂ ಮಟ್ಟಿಗೆ ಇಳಿದು ಮಂಡಿ ಮಡಿಸಿ, ತಗ್ಗಿ, ಮೈಯನ್ನು ಮೂಟೆಯ ಅಡಿಗೆ ಕೊಡುವವನಂತೆ ಸಣ್ಣದು ಮಾಡಿಕೊಂಡು ನಿಂತ.

“ಕೇಳಿಸ್ಕೊಳ್ರಪ್ಪಾ,” ಎಂದ ಅಲ್ಲಿಂದಲೇ. “ಬೆನಕ, ನೀನೂ ಕೇಳು. ನಾನು ಹಿಡಿದಾಗ ಮುಖ ಆಚೆ ತಿರುಗಿಸ್ದೆ. ಅವನು ಯಾರು ಅನ್ನೋದಕ್ಕೇ ತಿರುಗಿಸ್ದೆ. ದವಡೆ ಬಯಲಾಯ್ತು. ಅಷ್ಟೇ ಇರೋದು ಇದ್ರಲ್ಲಿ. ಗದ್ದ ಹೆಗಲಿಗೆ ಊರಿದ್ರೆ ಬೀಳಲ್ಲ. ತಿರುಗಿಸಿದ್ರೆ ಬೀಳ್ತೀಯ. ಈಗ ಹಿಡಿ.”

ಗರಡಿಯಲ್ಲಿ ಯಾರೋ ಕೆಮ್ಮಿದರು. ಬೆನಕಪ್ಪನ ನಗು ಅರ್ಧಕ್ಕೆ ನಿಂತಿತು, ಆದರೆ ಜನ ನೋಡುತ್ತಿದ್ದರು. ಬಂದು ಹಿಡಿದ. ಎದೆಗೆ ಎದೆ ತಾಗಿತು. ಕೈಗಳು ಬೆನ್ನ ಹಿಂದೆ ಹೆಣೆದುಕೊಂಡವು. ಕಲ್ಲೇಶಪ್ಪ ತಗ್ಗಿನಿಂದ ಕಣ್ಣೆತ್ತಿ ನೋಡಿದ. ಮೊದಲ ಸಲ ಅದನ್ನು ಕೆಳಗಿನಿಂದ ನೋಡಿದ. ಅವನೊಡನೆ ಒಂದೇ ತಟ್ಟೆಯಲ್ಲಿ ಉಂಡವನ, ಅವನ ಮದುವೆಯಲ್ಲಿ ಬಾಸಿಂಗ ಹಿಡಿದವನ ಮುಖ ಮೆಲ್ಲಗೆ, ಗಾಳಿಗೆ ಬಾಗಿಲು ಸರಿದಂತೆ, ಎಡಕ್ಕೆ ತಿರುಗುತ್ತಿತ್ತು. ಮೂಗಿನ ಹೊಳ್ಳೆ ಮುಚ್ಚಿಕೊಂಡಿತ್ತು. ಕಿವಿಯ ಕೆಳಗೆ ಒಂದು ನರ ಹೊಡೆದುಕೊಳ್ಳುತ್ತಿತ್ತು. ದವಡೆ ದೊಡ್ಡದಾಗಿ, ಬೆಳ್ಳಗೆ, ತಪ್ಪಿಸಿಕೊಳ್ಳಲಾರದಷ್ಟು ಹತ್ತಿರ ಇತ್ತು.

“ನಾನು ಕಣೋ ಬೆನಕ,” ಎಂದು ಕಲ್ಲೇಶಪ್ಪ ಯಾರಿಗೂ ಕೇಳದ ಹಾಗೆ ಹೇಳಿದ. “ಕಲ್ಲ.”

ಕತ್ತು ವಾಪಸು ಬರಲಿಲ್ಲ. ಹೇಳಿಕೊಟ್ಟರೂ ಇವರಿಗೆ ಇದು ಬರುವುದಿಲ್ಲ, ತರೀಕೆರೆಯವನ ಪಟ್ಟಿಗೆ ಇನ್ನೂ ನೂರು ವರ್ಷ ಭಯವಿಲ್ಲ ಎಂಬ ಯೋಚನೆ ಬಂದು ಅವನಿಗೆ ನಗು ಉಕ್ಕಿತು. ದವಡೆ ನೋವಿನಲ್ಲೂ ನಕ್ಕ. ಆಮೇಲೆ ಎದ್ದು ನಿಂತುಕೊಂಡ, ಅಷ್ಟೆ. ಬೆನಕಪ್ಪನ ಹಲ್ಲಿಗೆ ಹಲ್ಲು ಕೂಡಿದ ಟಕ್ ಎಂಬ ಸಣ್ಣ ಸದ್ದು ಗರಡಿಗೆಲ್ಲ ಕೇಳಿಸಿತು. ಅವನು ಎರಡು ಹೆಜ್ಜೆ ಹಿಂದೆ ಹೋಗಿ ಮಣ್ಣಿನಲ್ಲಿ ಕುಂಡೆಯೂರಿ ಕೂತ.

ಉಸ್ತಾದರು ಮಣ್ಣು ಹಿಡಿದ ಕೈಯನ್ನು ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಬೆನಕಪ್ಪ ಎದ್ದು, ಯಾರ ಮುಖವನ್ನೂ ನೋಡದೆ, ಮೂಲೆಯ ಹಂಡೆಯ ಹತ್ತಿರ ಹೋಗಿ ನೀರು ಮೊಗೆದು ಮುಖ ತೊಳೆದುಕೊಂಡ. ಮುಖಕ್ಕೆ ಮಣ್ಣು ತಾಗಿರಲಿಲ್ಲ. ಇನ್ನೊಂದು ಸಲ ಮೊಗೆದು ಎದೆಯನ್ನೂ ತೊಳೆದುಕೊಂಡ. ಎಲ್ಲರೂ ನೋಡುತ್ತಿದ್ದರು, ತೊಳೆಯುತ್ತಿದ್ದವನಿಗೆ ಮಾತ್ರ ತಾನೇನು ಮಾಡುತ್ತಿದ್ದೇನೆಂದು ಗೊತ್ತಿದ್ದಂತೆ ಕಾಣಲಿಲ್ಲ.

ಮಟ್ಟಿಯ ನಡುವೆ ಕಲ್ಲೇಶಪ್ಪ ಮತ್ತೆ ಮಂಡಿ ಮಡಿಸಿ ತಗ್ಗಿ ನಿಂತ.

“ಯಾರು ಮುಂದೆ?” ಎಂದ. “ಬನ್ನಿ, ಬನ್ನಿ. ಇನ್ನೂ ಇಪ್ಪತ್ತೊಂದು ಜನ ಇದೀರಿ.”